ಆರ್ ಭಾಷೆಯಲ್ಲಿ ಟೈಮ್ ಝೋನ್ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಕೆಲವು ಒಂದಲ್ಲ ಒಂದು ಸಲ ನನ್ನನ್ನೇ ಕಾಡಿದವು, ಉಳಿದವು ಜೊತೆಯಲ್ಲಿ ಕೆಲಸ ಮಾಡುವವರು ಬಂದು ಕೇಳಿದವು. ಡೇಟಾ ವಿಶ್ಲೇಷಣೆಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ತಕ್ಕಮಟ್ಟಿಗೆ ಗೊತ್ತು, ಡೇಟಾಫ್ರೇಮ್ ಬಳಸಿ ರೂಢಿಯೂ ಇದೆ, ಆದರೆ ಸಮಯದ ಕಾಲಮ್ ಎದುರಾದ ಕೂಡಲೇ ತಲೆ ಕೆಡುತ್ತದೆ ಅನ್ನುವವರಿಗಾಗಿ ಬರೆದದ್ದು. ಫಂಕ್ಷನ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ, ದೊಡ್ಡಕ್ಷರ ಚಿಕ್ಕಕ್ಷರ ನೋಡಿಕೊಂಡು ಬರೆಯಬೇಕು ಅನ್ನುವುದನ್ನು ನಿಮಗೆ ಹೇಳಬೇಕಿಲ್ಲ. ‘ಟಿಜೆಡ್’ ಅಂದರೆ ಟೈಮ್ ಝೋನ್ ಹೇಳುವ ಆರ್ಗ್ಯುಮೆಂಟ್.

ಎರಡು ಊರುಗಳ ನಡುವೆ ಎಷ್ಟು ಗಂಟೆ ವ್ಯತ್ಯಾಸ? ಆರ್‌ನಲ್ಲಿ ಅದಕ್ಕೊಂದು ಫಂಕ್ಷನ್ ಇಲ್ಲವೇ?

ನೇರವಾಗಿ ಇಲ್ಲ, ಇಲ್ಲದಿರುವುದೇ ಸರಿ. ಏಕೆಂದರೆ ಪ್ರಶ್ನೆ ಅರ್ಧವೇ ಆಗಿದೆ. ಎರಡು ಊರುಗಳ ನಡುವೆ ಎಷ್ಟು ವ್ಯತ್ಯಾಸ ಎಂದು ಕೇಳಿದರೆ ‘ಯಾವತ್ತು?’ ಎಂದು ಮರಳಿ ಕೇಳಬೇಕಾಗುತ್ತದೆ.

ನ್ಯೂಯಾರ್ಕ್ ಮತ್ತು ಲಂಡನ್ ಎಂದರೆ ಎಲ್ಲರೂ 5 ಗಂಟೆ ಅನ್ನುತ್ತಾರೆ. ವರ್ಷದ ಬಹುಪಾಲು ಅದು ಸರಿಯೇ. ಆದರೆ ಬೇಸಿಗೆ ಸಮಯ (ಬೇಸಿಗೆಯ ತಿಂಗಳುಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಎಂದು 2024ರಲ್ಲಿ ಅಮೆರಿಕದ ಗಡಿಯಾರಗಳು ಮಾರ್ಚ್ 10ರಂದು ಒಂದು ಗಂಟೆ ಮುಂದಕ್ಕೆ ಹೋದವು, ಬ್ರಿಟನ್ನಿನವು ಮಾರ್ಚ್ 31ರಂದು. ನಡುವಿನ ಮೂರು ವಾರ ವ್ಯತ್ಯಾಸ ಇದ್ದದ್ದು 4 ಗಂಟೆ. ಅಕ್ಟೋಬರ್ 27ರಿಂದ ನವೆಂಬರ್ 3ರವರೆಗೆ ಮತ್ತೆ ಅದೇ ಕಥೆ. ಸಿಡ್ನಿ ಮತ್ತು ಲಂಡನ್ ತೆಗೆದುಕೊಂಡರೆ ಇನ್ನೂ ಸೊಗಸು: ಜನವರಿಯಲ್ಲಿ 11, ಜುಲೈನಲ್ಲಿ 9, ಏಪ್ರಿಲ್ ಮೊದಲ ವಾರದಲ್ಲಿ ಮತ್ತು ಅಕ್ಟೋಬರ್‌ನ ಕೆಲವು ವಾರ 10. ಒಂದು ಕಡೆ ಗಡಿಯಾರ ಮುಂದಕ್ಕೆ ಹೋಗುವ ಕಾಲದಲ್ಲೇ ಇನ್ನೊಂದು ಕಡೆ ಹಿಂದಕ್ಕೆ ಬರುತ್ತದೆ.

ಆದ್ದರಿಂದ ಕೋಡ್‌ನಲ್ಲಿ ಎಲ್ಲಾದರೂ ‘ಐದು ಗಂಟೆ ಕಳೆ’ ಎಂದು ಕೈಯಾರೆ ಬರೆದಿದ್ದರೆ ಮೊದಲು ಅದನ್ನು ಅಳಿಸಿ. ವರ್ಷದಲ್ಲಿ ಕೆಲವು ವಾರ ಮಾತ್ರ ತಪ್ಪುವ ಕೋಡ್, ಯಾವಾಗಲೂ ತಪ್ಪುವ ಕೋಡ್‌ಗಿಂತ ಅಪಾಯಕಾರಿ.

ಸರಿ, ದಿನಾಂಕ ಗೊತ್ತಿದೆ. ಆ ದಿನದ ವ್ಯತ್ಯಾಸ ಹೇಗೆ ತೆಗೆಯುವುದು?

ಆಗ ಸುಲಭ. ಒಂದು ಕ್ಷಣ ಹಿಡಿದು, ಆ ಕ್ಷಣದಲ್ಲಿ ಪ್ರತಿ ವಲಯವೂ (ಅಂದರೆ ಟೈಮ್ ಝೋನ್) ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಅಳತೆಗೋಲಾದ ಸಮಯಕ್ಕಿಂತ, ಎಷ್ಟು ಸೆಕೆಂಡ್ ಮುಂದಿದೆ ಎಂದು ಕೇಳಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಪೋಸಿಕ್ಸ್‌ಎಲ್‌ಟಿ ರೂಪಕ್ಕೆ (ವರ್ಷ, ತಿಂಗಳು, ಗಂಟೆಗಳನ್ನು ಬೇರೆ ಬೇರೆಯಾಗಿ ಇಡುವ ರೂಪ) ತಂದಾಗ ‘ಜಿಎಂಟಿಆಫ್’ ಎಂಬ ಅಂಶದಲ್ಲಿ ಈ ಸೆಕೆಂಡ್ ಸಿಗುತ್ತದೆ.

ಅಂತರ <- ಫಂಕ್ಷನ್(ಕ್ಷಣ, ವಲಯ1, ವಲಯ2) {
  ಅ <- ಆಸ್.ಪೋಸಿಕ್ಸ್‌ಎಲ್‌ಟಿ(ಕ್ಷಣ, ಟಿಜೆಡ್ = ವಲಯ1)$ಜಿಎಂಟಿಆಫ್
  ಆ <- ಆಸ್.ಪೋಸಿಕ್ಸ್‌ಎಲ್‌ಟಿ(ಕ್ಷಣ, ಟಿಜೆಡ್ = ವಲಯ2)$ಜಿಎಂಟಿಆಫ್
  (ಅ - ಆ) / 3600
}

‘ಕ್ಷಣ’ಕ್ಕೆ ಪೋಸಿಕ್ಸ್‌ಸಿಟಿ ಬೆಲೆಯನ್ನೇ (ಸಮಯವನ್ನು ಒಂದೇ ಸಂಖ್ಯೆಯಾಗಿ ಇಡುವ ರೂಪ, ಮುಂದಿನ ಪ್ರಶ್ನೆ ನೋಡಿ) ಕೊಡಬೇಕು, ಬರೀ ಅಕ್ಷರಗಳ ಸಾಲನ್ನಲ್ಲ. ಅಕ್ಷರಗಳಿಂದ ನೇರವಾಗಿ ಪೋಸಿಕ್ಸ್‌ಎಲ್‌ಟಿ ಮಾಡಿದರೆ ಜಿಎಂಟಿಆಫ್ ಜಾಗದಲ್ಲಿ ‘ಎನ್‌ಎ’ (ಬೆಲೆ ಇಲ್ಲ ಎಂಬ ಗುರುತು) ಕೂತಿರುವುದುಂಟು. ಆರ್‌ನ ಹಳೆಯ ಆವೃತ್ತಿಗಳಲ್ಲಿ ವಲಯ ಯುಟಿಸಿಯೇ ಆಗಿದ್ದರೆ ಈ ಅಂಶ ಇರುವುದೇ ಇಲ್ಲ. ಅಂಥ ಕಡೆ ಸೊನ್ನೆ ಎಂದು ನೀವೇ ತುಂಬಿಕೊಳ್ಳಿ.

ಕಣ್ಣಲ್ಲಿ ನೋಡಿದರೆ ಸಾಕು ಅನ್ನುವುದಾದರೆ ಇಷ್ಟೆಲ್ಲ ಬೇಡ. ‘ಫಾರ್ಮ್ಯಾಟ್’ ಫಂಕ್ಷನ್‌ಗೆ ಟಿಜೆಡ್ ಕೊಟ್ಟು ‘%ಝಡ್’ ಎಂಬ ಸಂಕೇತ ಕೇಳಿ, ಚಿಕ್ಕಕ್ಷರದ್ದು. ಕಠ್ಮಂಡುವಿಗೆ +0545 ಎಂದು ಬರುತ್ತದೆ. ಹೌದು, ಮುಕ್ಕಾಲು ಗಂಟೆಯ ವಲಯಗಳೂ ಇವೆ. ಹಾಗಾಗಿ ವ್ಯತ್ಯಾಸವನ್ನು ಪೂರ್ಣಾಂಕದ ಕಾಲಮ್‌ನಲ್ಲಿ ಇಡುವ ಯೋಚನೆ ಬಿಡಿ.

ಪೋಸಿಕ್ಸ್‌ಸಿಟಿ ಒಳಗೆ ನಿಜವಾಗಿ ಇರುವುದು ಏನು?

ಒಂದು ಸಂಖ್ಯೆ, ಅದರ ಮೇಲೊಂದು ಚೀಟಿ. ಅಷ್ಟೇ.

ಸಂಖ್ಯೆ ಎಂದರೆ 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳು. ಚೀಟಿ ಎಂದರೆ ‘ಟಿಝೋನ್’ ಎಂಬ ಆಟ್ರಿಬ್ಯೂಟ್, ಅಂದರೆ ತೋರಿಸುವಾಗ ಯಾವ ಊರಿನ ಗಡಿಯಾರದಲ್ಲಿ ತೋರಿಸಬೇಕು ಎಂಬ ಸೂಚನೆ. 1704067200 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಚೀಟಿ ಯುಟಿಸಿ ಎಂದಿದ್ದರೆ 2024ರ ಜನವರಿ 1, ನಡುರಾತ್ರಿ 00:00 ಎಂದು ಕಾಣುತ್ತದೆ. ಟೋಕಿಯೋ ಎಂದಿದ್ದರೆ ಅದೇ ದಿನ ಬೆಳಗ್ಗೆ 09:00. ನ್ಯೂಯಾರ್ಕ್ ಎಂದಿದ್ದರೆ 2023ರ ಡಿಸೆಂಬರ್ 31, ಸಂಜೆ 19:00. ಮೂರೂ ಒಂದೇ ಕ್ಷಣ. ‘ಅನ್‌ಕ್ಲಾಸ್’ ಮಾಡಿ ನೋಡಿದರೆ ಮೂರರಲ್ಲೂ ಅದೇ ಸಂಖ್ಯೆ.

ಆರ್‌ನಲ್ಲಿ ಸಮಯದ ವಿಷಯಕ್ಕೆ ಬರುವ ಗೊಂದಲದಲ್ಲಿ ಮುಕ್ಕಾಲು ಪಾಲು ಈ ಚೀಟಿಯನ್ನೇ ಸಂಖ್ಯೆ ಎಂದುಕೊಳ್ಳುವುದರಿಂದ ಹುಟ್ಟುವಂಥದ್ದು. ನನ್ನ ಅನುಭವದಲ್ಲಿ ಕಳೆಯುವಾಗ ಯಾರೂ ತಪ್ಪುವುದಿಲ್ಲ, ಕಳೆಯುವ ಕೆಲಸ ಆರ್‌ನದು. ತಪ್ಪುವುದು ಅದಕ್ಕೂ ಮೊದಲು, ಅಕ್ಷರಗಳನ್ನು ಓದಿ ಸಂಖ್ಯೆ ಮಾಡುವಾಗ. ವಲಯಕ್ಕೆ ನಿಜವಾದ ಕೆಲಸ ಇರುವುದು ಆ ಒಂದು ಗಳಿಗೆಯಲ್ಲಿ. ಆಮೇಲೆ ಅದು ಬರೀ ಉಡುಪು.

ಬೇರೆ ಬೇರೆ ವಲಯದ ಎರಡು ಸಮಯಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂದು ತಿಳಿಯುವುದು ಹೇಗೆ?

ಎರಡನ್ನೂ ಅವುಗಳದೇ ವಲಯದಲ್ಲಿ ಓದಿ, ಕಳೆಯಿರಿ. ಒಂದು ವಿಮಾನ ಜುಲೈ 1ರ ಸಂಜೆ 5ಕ್ಕೆ ಟೋಕಿಯೋ ಬಿಟ್ಟು ಅದೇ ಜುಲೈ 1ರ ಬೆಳಗ್ಗೆ ಹತ್ತೂವರೆಗೆ ಲಾಸ್ ಏಂಜಲೀಸ್‌ನಲ್ಲಿ ಇಳಿಯಿತು ಎನ್ನಿ.

ಹೊರಟಿದ್ದು <- ಆಸ್.ಪೋಸಿಕ್ಸ್‌ಸಿಟಿ("2024-07-01 17:00", ಟಿಜೆಡ್ = "ಏಷ್ಯಾ/ಟೋಕಿಯೋ")
ಇಳಿದದ್ದು <- ಆಸ್.ಪೋಸಿಕ್ಸ್‌ಸಿಟಿ("2024-07-01 10:30", ಟಿಜೆಡ್ = "ಅಮೆರಿಕ/ಲಾಸ್_ಏಂಜಲೀಸ್")
ಡಿಫ್‌ಟೈಮ್(ಇಳಿದದ್ದು, ಹೊರಟಿದ್ದು, ಯೂನಿಟ್ಸ್ = "ಅವರ್ಸ್")

ಉತ್ತರ 9.5 ಗಂಟೆ. ಕೈಲೆಕ್ಕದಲ್ಲೂ ತಾಳೆ ನೋಡಬಹುದು: ಟೋಕಿಯೋದ ಸಂಜೆ 5 ಎಂದರೆ ಯುಟಿಸಿ 08:00, ಲಾಸ್ ಏಂಜಲೀಸ್‌ನ ಬೇಸಿಗೆಯ 10:30 ಎಂದರೆ ಯುಟಿಸಿ 17:30. ಎರಡನ್ನೂ ಒಂದೇ ವಲಯ ಎಂದು ಓದಿದ್ದರೆ ಮೈನಸ್ ಆರೂವರೆ ಗಂಟೆ ಬರುತ್ತಿತ್ತು, ವಿಮಾನ ಹೊರಡುವ ಮೊದಲೇ ಇಳಿದ ಹಾಗೆ. ಇಲ್ಲಿ ಮೈನಸ್ ಚಿಹ್ನೆ ತಪ್ಪನ್ನು ಹಿಡಿದುಕೊಡುತ್ತದೆ. ಎದುರು ದಿಕ್ಕಿನ ಪ್ರಯಾಣದಲ್ಲಿ ಉತ್ತರ ಬರೀ ಉದ್ದವಾಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಡಿಫ್‌ಟೈಮ್‌ಗೂ ಒಂದು ಟಿಜೆಡ್ ಆರ್ಗ್ಯುಮೆಂಟ್ ಇದೆ. ನೀವು ಬರೀ ಅಕ್ಷರಗಳನ್ನು ಕೊಟ್ಟಿದ್ದರೆ ಎರಡನ್ನೂ ಆ ಒಂದೇ ವಲಯದಲ್ಲಿ ಓದಿಕೊಳ್ಳಲು ಇರುವಂಥದ್ದು ಅದು. ಎರಡು ವಲಯಗಳ ಲೆಕ್ಕಕ್ಕೆ ಅದು ಕೆಲಸಕ್ಕೆ ಬಾರದು.

ಒಂದು ಸಮಯದ ವಲಯವನ್ನು ಟೋಕಿಯೋಗೆ ಬದಲಾಯಿಸಿ ಮೂಲದಿಂದ ಕಳೆದರೆ ಸೊನ್ನೆ ಬರುತ್ತದೆ. ಇದು ಬಗ್ ಅಲ್ಲವೇ?

ಅಲ್ಲ. ನೀವು ಬದಲಾಯಿಸಿದ್ದು ಚೀಟಿಯನ್ನು. ಸಂಖ್ಯೆ ಹಾಗೇ ಇದೆ, ಅದೇ ಸಂಖ್ಯೆಯಿಂದ ಅದೇ ಸಂಖ್ಯೆ ಕಳೆದರೆ ಸೊನ್ನೆಯೇ.

ಲುಬ್ರಿಡೇಟ್ ಪ್ಯಾಕೇಜ್‌ನಲ್ಲಿ (ದಿನಾಂಕ, ಸಮಯಗಳ ಕೆಲಸಕ್ಕೆಂದೇ ಇರುವಂಥದ್ದು) ಚೀಟಿ ಬದಲಾಯಿಸುವುದಕ್ಕೂ ಸಂಖ್ಯೆ ಬದಲಾಯಿಸುವುದಕ್ಕೂ ಎರಡು ಹೆಸರಿವೆ, ಅವನ್ನು ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ. ‘ವಿತ್_ಟಿಜೆಡ್’ ಕ್ಷಣವನ್ನು ಮುಟ್ಟುವುದಿಲ್ಲ, ಗಡಿಯಾರದ ಮುಖವನ್ನು ಬದಲಾಯಿಸುತ್ತದೆ: ‘ಈ ಕ್ಷಣದಲ್ಲಿ ಟೋಕಿಯೋದಲ್ಲಿ ಎಷ್ಟು ಗಂಟೆ?’ ‘ಫೋರ್ಸ್_ಟಿಜೆಡ್’ ಗಡಿಯಾರದ ಮುಖವನ್ನು ಹಾಗೇ ಇಟ್ಟು ಕ್ಷಣವನ್ನು ಬದಲಾಯಿಸುತ್ತದೆ: ‘ಇದನ್ನು ಯುಟಿಸಿ ಎಂದು ಓದಿಬಿಟ್ಟಿದ್ದೆ, ನಿಜಕ್ಕೂ ಟೋಕಿಯೋ ಸಮಯ, ಸರಿಮಾಡು.’ ಮೊದಲನೆಯದು ಅನುವಾದ, ಎರಡನೆಯದು ತಿದ್ದುಪಡಿ. ತಿದ್ದುವಂಥದ್ದು ಏನೂ ಇಲ್ಲದ ಕಡೆ ಫೋರ್ಸ್_ಟಿಜೆಡ್ ಕಂಡರೆ ನಾನು ಆ ಕೋಡನ್ನು ಎರಡನೇ ಸಲ ಓದುತ್ತೇನೆ.

ಪ್ಯಾಕೇಜ್ ಬೇಡವೆಂದರೆ ‘ಆಟ್ರ್’ ಮೂಲಕ ಟಿಝೋನ್ ಬದಲಾಯಿಸುವುದು ವಿತ್_ಟಿಜೆಡ್‌ಗೆ ಸಮ. ಫೋರ್ಸ್_ಟಿಜೆಡ್‌ನ ಕೆಲಸಕ್ಕೆ ‘ಫಾರ್ಮ್ಯಾಟ್’ನಿಂದ ಅಕ್ಷರ ಮಾಡಿಕೊಂಡು, ಸರಿಯಾದ ಟಿಜೆಡ್ ಕೊಟ್ಟು ಮತ್ತೆ ಓದಬೇಕು.

ಅದೇ ಸ್ಕ್ರಿಪ್ಟ್ ನಿನ್ನೆ ಗಂಟೆಯಲ್ಲಿ ಉತ್ತರ ಕೊಟ್ಟಿತು, ಇವತ್ತು ನಿಮಿಷದಲ್ಲಿ. ಏಕೆ?

ಎರಡು ಸಮಯಗಳ ನಡುವೆ ಬರೀ ಮೈನಸ್ ಹಾಕಿದರೆ ಮಾನವನ್ನು ಆರ್ ತಾನೇ ಆರಿಸಿಕೊಳ್ಳುತ್ತದೆ. ಇಡೀ ಕಾಲಮ್‌ನ ಅತಿ ಚಿಕ್ಕ ವ್ಯತ್ಯಾಸ ನೋಡಿ ಸೆಕೆಂಡೋ ನಿಮಿಷವೋ ಗಂಟೆಯೋ ದಿನವೋ ತೀರ್ಮಾನಿಸುತ್ತದೆ. ನಿನ್ನೆ ಎಲ್ಲ ಸಾಲುಗಳೂ ಒಂದು ಗಂಟೆ ದಾಟಿದ್ದವು, ಇವತ್ತು ಒಂದೇ ಒಂದು ಸಾಲಿನಲ್ಲಿ 40 ನಿಮಿಷ ಬಂತು, ಇಡೀ ಕಾಲಮ್ ನಿಮಿಷಕ್ಕೆ ಇಳಿಯಿತು. ಪರದೆಯ ಮೇಲೆ ಮಾನದ ಹೆಸರು ಕಾಣುತ್ತದೆ, ಆದ್ದರಿಂದ ಅಲ್ಲಿಯವರೆಗೆ ತೊಂದರೆಯಿಲ್ಲ. ಅದಕ್ಕೆ ‘ಆಸ್.ನ್ಯೂಮರಿಕ್’ ಹಾಕಿದಿರೋ, ಮಾನ ಉದುರಿಹೋಗಿ ಬರೀ ಅಂಕಿ ಉಳಿಯುತ್ತದೆ. ಅದನ್ನು 24ರಿಂದ ಭಾಗಿಸಿ ವರದಿಗೆ ಹಾಕಿದವರನ್ನು ನಾನು ಬಲ್ಲೆ.

ಮೈನಸ್ ಬಿಟ್ಟು ಡಿಫ್‌ಟೈಮ್ ಬಳಸಿ, ಯೂನಿಟ್ಸ್ ಬರೆಯಿರಿ. ಸಂಖ್ಯೆಗೆ ಇಳಿಸುವಾಗಲೂ ಆಸ್.ನ್ಯೂಮರಿಕ್‌ಗೆ ಯೂನಿಟ್ಸ್ ಕೊಡಬಹುದು, ಕೊಡಿ.

ವಲಯದ ಹೆಸರು ಏನೆಂದು ಬರೆಯಬೇಕು? ‘ಐಎಸ್‌ಟಿ’, ‘ಇಎಸ್‌ಟಿ’ ಅಂದರೆ ಸಾಲದೇ?

ಸಾಲದು. ಐಎಸ್‌ಟಿ ಎಂದು ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ದೇಶಗಳ ಸಮಯಕ್ಕೆ ಹೇಳುತ್ತಾರೆ. ಸಿಎಸ್‌ಟಿ ಎಂದರೆ ಅಮೆರಿಕದ ಮಧ್ಯ ಭಾಗವೂ ಆದೀತು, ಚೀನಾವೂ ಆದೀತು, ಕ್ಯೂಬಾವೂ ಆದೀತು. ‘ಇಎಸ್‌ಟಿ’ ಎಂಬ ಹೆಸರನ್ನು ಆರ್ ಒಪ್ಪಿಕೊಳ್ಳುತ್ತದೆ, ಆದರೆ ಅದರ ಪ್ರಕಾರ ಅದು ವರ್ಷವಿಡೀ ಯುಟಿಸಿಗಿಂತ 5 ಗಂಟೆ ಹಿಂದೆ. ಬೇಸಿಗೆ ಸಮಯಕ್ಕೆ ಅದು ಬದಲಾಗುವುದಿಲ್ಲ. ನ್ಯೂಯಾರ್ಕ್‌ನ ಜುಲೈ ಡೇಟಾಗೆ ಇಎಸ್‌ಟಿ ಎಂದು ಕೊಟ್ಟರೆ ಒಂದು ಗಂಟೆ ತಪ್ಪು ಖಚಿತ.

ಖಂಡ, ಓರೆಗೆರೆ, ಊರು: ‘ಅಮೆರಿಕ/ನ್ಯೂ_ಯಾರ್ಕ್’, ‘ಏಷ್ಯಾ/ಕೋಲ್ಕತಾ’, ‘ಯುರೋಪ್/ಲಂಡನ್’. ಇದೇ ಪದ್ಧತಿಯ ಹೆಸರುಗಳನ್ನು ಬಳಸಿ. ಇವು ಟಿಜೆಡ್ ಡೇಟಾಬೇಸ್‌ನವು, ಅಂದರೆ ಜಗತ್ತಿನ ಟೈಮ್ ಝೋನ್‌ಗಳ ನಿಯಮಗಳನ್ನೆಲ್ಲ ಸೇರಿಸಿಟ್ಟ ಸಂಗ್ರಹದವು. ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದ ಇದನ್ನು ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಾರೆ, 2011ರಿಂದ ಇಂಟರ್ನೆಟ್‌ನ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್‌ಎ ಪ್ರಕಟಿಸುತ್ತದೆ. ಆರ್‌ನಲ್ಲಿ ಎಲ್ಲ ಹೆಸರುಗಳ ಪಟ್ಟಿ ಕೊಡುವ ಫಂಕ್ಷನ್ನಿಗೆ ‘ಓಲ್ಸನ್‌ನೇಮ್ಸ್’ ಎಂದು ಹೆಸರಿರುವುದು ಅವರಿಂದಲೇ. ಎರಡು ಪದಗಳ ಊರಿನ ಹೆಸರಿದ್ದರೆ ನಡುವೆ ಅಡಿಗೆರೆ ಬೇಕು, ಬಿಟ್ಟ ಜಾಗ ಅಲ್ಲ.

ಕಾಗುಣಿತ ತಪ್ಪಿದರೆ ಏನಾಗುತ್ತದೆ ಎನ್ನುವುದು ಬೇಸರದ ವಿಷಯ. ಲುಬ್ರಿಡೇಟ್ ಸಾಮಾನ್ಯವಾಗಿ ಎರರ್ ಕೊಟ್ಟು ನಿಲ್ಲಿಸುತ್ತದೆ. ಮೂಲ ಆರ್ ಕೆಲವು ಸಲ ವಾರ್ನಿಂಗ್ ಕೊಡುತ್ತದೆ, ಕೆಲವು ಸಲ ಏನೂ ಹೇಳದೆ ಯುಟಿಸಿ ಎಂದುಕೊಂಡು ಮುಂದೆ ಹೋಗುತ್ತದೆ. ಹೊರಗಿನಿಂದ ಬಂದ ವಲಯದ ಹೆಸರುಗಳಿದ್ದರೆ ಅವೆಲ್ಲ ಓಲ್ಸನ್‌ನೇಮ್ಸ್ ಪಟ್ಟಿಯಲ್ಲಿವೆಯೇ ಎಂದು ‘%ಇನ್%’ ಹಾಕಿ ಮೊದಲೇ ನೋಡಿಬಿಡಿ.

‘ಇಟಿಸಿ/ಜಿಎಂಟಿ+5’ ಎಂದು ಕೊಟ್ಟರೆ ಐದು ಗಂಟೆ ಹಿಂದಕ್ಕೆ ಹೋಯಿತು!

ಹೋಗಲೇಬೇಕು. ಈ ಹೆಸರುಗಳಲ್ಲಿ ಚಿಹ್ನೆ ತಿರುವುಮುರುವು: ಪ್ಲಸ್ ಎಂದರೆ ಗ್ರೀನಿಚ್‌ಗೆ ಪಶ್ಚಿಮ. ಪೋಸಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮಾನದಂಡದಿಂದ ಬಂದ ಹಳೆಯ ರೂಢಿ. ಅರ್ಧ ಗಂಟೆಯ ವಲಯಗಳಿಗೆ ಇಲ್ಲಿ ಹೆಸರೂ ಇಲ್ಲ. ಹಡಗಿನಲ್ಲಿ ದಾಖಲಿಸಿದ ಡೇಟಾ ಬಿಟ್ಟರೆ ನನಗೆ ಇವುಗಳ ಅಗತ್ಯ ಬಿದ್ದಿಲ್ಲ.

ಟಿಜೆಡ್ ಕೊಡದಿದ್ದರೆ ಆರ್ ಏನೆಂದುಕೊಳ್ಳುತ್ತದೆ?

ಅದು ನೀವು ಯಾವ ಫಂಕ್ಷನ್ ಕರೆದಿರಿ ಎನ್ನುವುದರ ಮೇಲೆ ನಿಂತಿದೆ. ಇಲ್ಲೇ ಇರುವುದು ಹೊಂಡ. ಮೂಲ ಆರ್‌ನ ಆಸ್.ಪೋಸಿಕ್ಸ್‌ಸಿಟಿ ನಿಮ್ಮ ಕಂಪ್ಯೂಟರಿನ ವಲಯ ಹಿಡಿಯುತ್ತದೆ. ಲುಬ್ರಿಡೇಟ್‌ನ ವೈಎಂಡಿ_ಎಚ್‌ಎಂಎಸ್ ಯುಟಿಸಿ ಹಿಡಿಯುತ್ತದೆ. ಫೈಲ್ ಓದುವ ಪ್ಯಾಕೇಜ್ ರೀಡ್‌ಆರ್ ಕೂಡ ಯುಟಿಸಿ. ಎಕ್ಸೆಲ್ ಫೈಲಿನಲ್ಲಿ ವಲಯವೆಂಬ ವಿಷಯವೇ ಇಲ್ಲ, ರೀಡ್‌ಎಕ್ಸ್‌ಎಲ್ ಅದನ್ನು ಯುಟಿಸಿ ಎಂದು ತಂದುಕೊಡುತ್ತದೆ.

ಒಮ್ಮೆ ನಾನೇ ಇದರಲ್ಲಿ ಬಿದ್ದೆ. ವಿನಂತಿಗಳ ಲಾಗ್ ಒಂದು ಫೈಲು, ಉತ್ತರಗಳ ಲಾಗ್ ಇನ್ನೊಂದು. ಮೊದಲನೆಯದನ್ನು ಓದುವ ಕೋಡ್ ಹಳೆಯದು, ಆಸ್.ಪೋಸಿಕ್ಸ್‌ಸಿಟಿ ಬಳಸಿತ್ತು. ಎರಡನೆಯದನ್ನು ನಾನು ಹೊಸದಾಗಿ ಬರೆದೆ, ವೈಎಂಡಿ_ಎಚ್‌ಎಂಎಸ್ ಬಳಸಿ. ಎರಡರಲ್ಲೂ ಟಿಜೆಡ್ ಇರಲಿಲ್ಲ. ಕಳೆದು ನೋಡಿದರೆ ಪ್ರತಿ ವಿನಂತಿಗೂ ಉತ್ತರ ಬರಲು ಐದೂವರೆ ಗಂಟೆ ಹಿಡಿದಿತ್ತು. ಸರ್ವರ್ ಕೆಟ್ಟಿದೆ ಎಂದು ಅರ್ಧ ದಿನ ಅದರ ಹಿಂದೆ ಬಿದ್ದೆ. ಆಮೇಲೆ ಅಂಕಿಗಳನ್ನು ನಿಧಾನವಾಗಿ ನೋಡಿದಾಗ ಕಂಡಿತು: 5.5002, 5.5001, 5.5004. ಕೆಟ್ಟ ಸರ್ವರ್ ಇಷ್ಟು ನಿಯತ್ತಾಗಿ ತಡಮಾಡುವುದಿಲ್ಲ. ನನ್ನ ಕಂಪ್ಯೂಟರಿನ ವಲಯ ಯುಟಿಸಿಗಿಂತ ಸರಿಯಾಗಿ ಐದೂವರೆ ಗಂಟೆ ಮುಂದಿತ್ತು. ಉತ್ತರಕ್ಕೆ ಹಿಡಿದದ್ದು ಒಂದೆರಡು ಸೆಕೆಂಡ್ ಅಷ್ಟೆ, ಅದು ದಶಮಾಂಶದ ನಾಲ್ಕನೇ ಸ್ಥಾನದಲ್ಲಿ ಕೂತಿತ್ತು.

ಅಂದಿನಿಂದ ಒಂದು ಅಭ್ಯಾಸ. ಎಲ್ಲ ಸಾಲುಗಳಲ್ಲೂ ಒಂದೇ ಮೊತ್ತದ ತಪ್ಪು ಕಂಡರೆ ಮೊದಲು ‘ಸಿಸ್.ಟೈಮ್‌ಝೋನ್’ ಕರೆದು ನೋಡುತ್ತೇನೆ. ಬೇರೆಯವರ ಕಂಪ್ಯೂಟರಿನಲ್ಲೂ ಓಡಬೇಕಾದ ಸ್ಕ್ರಿಪ್ಟ್ ಆದರೆ ಮೇಲ್ತುದಿಯಲ್ಲೇ ‘ಸಿಸ್.ಸೆಟೆನ್ವ್’ನಿಂದ ಟಿಜೆಡ್ ಅನ್ನು ಯುಟಿಸಿ ಮಾಡಿಬಿಡುತ್ತೇನೆ. ಆಗ ಮರೆತರೂ ಎಲ್ಲರಿಗೂ ಒಂದೇ ರೀತಿ ತಪ್ಪುತ್ತದೆ, ಹುಡುಕಲು ಸುಲಭ.

ಒಂದು ದಿನ ಕೂಡಿಸಿದರೆ ಗಡಿಯಾರ ಒಂದು ಗಂಟೆ ಜರುಗಿತು. ಏನು ಮಾಡಲಿ?

‘ಒಂದು ದಿನ’ ಎಂದರೆ ನಿಮ್ಮ ಮನಸ್ಸಿನಲ್ಲಿ ಇರುವುದು 24 ಗಂಟೆಯೋ, ‘ನಾಳೆ ಇದೇ ಹೊತ್ತಿಗೆ’ ಎಂದೋ? ಬಹುತೇಕ ದಿನ ಎರಡೂ ಒಂದೇ. ಗಡಿಯಾರ ಬದಲಿಸುವ ದಿನ ಬೇರೆ ಬೇರೆ.

ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 9ರ ರಾತ್ರಿ 8ರಿಂದ ಮಾರ್ಚ್ 10ರ ರಾತ್ರಿ 8ರವರೆಗೆ ಡಿಫ್‌ಟೈಮ್ ಕೇಳಿ: 23 ಗಂಟೆ ಅನ್ನುತ್ತದೆ, ಅದು ನಿಜ. ಮಾರ್ಚ್ 9ರ ರಾತ್ರಿ 8ಕ್ಕೆ 86400 ಸೆಕೆಂಡ್ ಕೂಡಿಸಿದರೆ ಮರುದಿನ ರಾತ್ರಿ 9 ಆಗುತ್ತದೆ, ಅದೂ ನಿಜ. ಲುಬ್ರಿಡೇಟ್ ಈ ಭೇದಕ್ಕೆ ಎರಡು ಪದ ಇಟ್ಟುಕೊಂಡಿದೆ. ‘ಡಿಡೇಸ್(1)’ ಎಂದರೆ ಡ್ಯುರೇಶನ್, ಲೆಕ್ಕದ ಸೆಕೆಂಡುಗಳು. ‘ಡೇಸ್(1)’ ಎಂದರೆ ಪೀರಿಯಡ್, ಗೋಡೆ ಗಡಿಯಾರದ ದಿನ. ಔಷಧಿಯ ಎರಡು ಡೋಸ್‌ಗಳ ನಡುವಿನ ಹೊತ್ತಿಗೆ ಮೊದಲನೆಯದು ಬೇಕು, ಪ್ರತಿದಿನ ಬೆಳಗ್ಗೆ ಒಂಬತ್ತರ ಸಭೆಗೆ ಎರಡನೆಯದು.

ಮೂಲ ಆರ್‌ನ ‘ಸೀಕ್ವೆನ್ಸ್’ ಕೆಲಸದಲ್ಲೂ ಇದೇ ಇದೆ, ಗಮನಿಸುವವರು ಕಡಿಮೆ. ‘ಸೆಕ್’ ಫಂಕ್ಷನ್‌ಗೆ ಬೈ = "ಡೇ" ಎಂದರೆ 24 ಗಂಟೆಯ ಹೆಜ್ಜೆ, ಬೈ = "ಡಿಎಸ್‌ಟಿಡೇ" ಎಂದರೆ ದಿನವೂ ಅದೇ ಗಡಿಯಾರದ ಹೊತ್ತು.

ಕೆಲವು ಸಮಯಗಳು ‘ಎನ್‌ಎ’ ಆಗಿಬಿಟ್ಟಿವೆ. ಫೈಲಿನಲ್ಲಿ ಚೆನ್ನಾಗೇ ಇದ್ದವು.

ದಿನಾಂಕ ನೋಡಿ. ಮಾರ್ಚ್ ಅಥವಾ ಏಪ್ರಿಲ್, ಭಾನುವಾರ, ಬೆಳಗಿನ ಜಾವ ಒಂದರಿಂದ ಮೂರರ ಒಳಗೆ ಇದ್ದರೆ ಆ ಸಮಯ ಬಂದೇ ಇರಲಿಲ್ಲ ಅನ್ನಬಹುದು. ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 10ರಂದು 01:59 ಆದಮೇಲೆ ಬಂದದ್ದು 03:00. ಎರಡೂವರೆ ಗಂಟೆ ಎಂಬುದು ಅಲ್ಲಿ ಇರಲಿಲ್ಲ. ಲುಬ್ರಿಡೇಟ್ ಅದನ್ನು ಎನ್‌ಎ ಮಾಡುತ್ತದೆ, ಅದು ಪ್ರಾಮಾಣಿಕ ಉತ್ತರ.

ಮೂಲ ಆರ್‌ನ ನಡವಳಿಕೆ ಇನ್ನೂ ವಿಚಿತ್ರ. ಫಾರ್ಮ್ಯಾಟ್ ಹೇಳದೆ ಆಸ್.ಪೋಸಿಕ್ಸ್‌ಸಿಟಿಗೆ ಇಡೀ ಕಾಲಮ್ ಕೊಟ್ಟಾಗ ಅದು ತನಗೆ ಗೊತ್ತಿರುವ ಮಾದರಿಗಳನ್ನು ಒಂದೊಂದಾಗಿ ಹೊಂದಿಸಿ ನೋಡುತ್ತದೆ. ಇಲ್ಲದ ಸಮಯ ಒಂದು ಸಿಕ್ಕಿತೋ, ಗಂಟೆ ನಿಮಿಷ ಇರುವ ಮಾದರಿಗಳನ್ನೇ ಕೈಬಿಟ್ಟು ಬರೀ ದಿನಾಂಕದ ಮಾದರಿಗೆ ಇಳಿದುಬಿಡುವುದುಂಟು. ಆಗ ಇಡೀ ಕಾಲಮ್‌ನ ಗಂಟೆ ನಿಮಿಷಗಳು ಮಾಯ. ಒಂದು ಸಾಲಿನ ತಪ್ಪಿಗೆ ಊರಿಗೆಲ್ಲ ದಂಡ. ಫಾರ್ಮ್ಯಾಟ್ ಅನ್ನು ನೀವೇ ಬರೆದುಕೊಟ್ಟರೆ ಈ ಕಾಟ ತಪ್ಪುತ್ತದೆ.

ಇನ್ನೊಂದು ತುದಿಯಲ್ಲಿ, ಗಡಿಯಾರ ಹಿಂದಕ್ಕೆ ಹೋಗುವ ರಾತ್ರಿ ಒಂದೇ ಸಮಯ ಎರಡು ಸಲ ಬರುತ್ತದೆ. ನ್ಯೂಯಾರ್ಕ್‌ನ 2024ರ ನವೆಂಬರ್ 3ರ 01:30 ಎಂದರೆ ಯುಟಿಸಿ 05:30 ಆಗಿರಬಹುದು, 06:30 ಆಗಿರಬಹುದು. ಯಾವ ಫಂಕ್ಷನ್ನೂ ಇದನ್ನು ಊಹಿಸಿ ಹೇಳಲಾರದು. ಡೇಟಾದಲ್ಲಿ ಆಫ್‌ಸೆಟ್ (ಯುಟಿಸಿಯಿಂದ ಎಷ್ಟು ಗಂಟೆ ಅಂತರ ಎಂಬುದು) ಬರೆದಿದ್ದರೆ ಮಾತ್ರ ದಾರಿ. ಅದಿಲ್ಲದಿದ್ದರೆ ‘ಕ್ಲಾಕ್’ ಪ್ಯಾಕೇಜ್ ನೋಡಿ: ಇಲ್ಲದ ಸಮಯ, ಎರಡು ಸಲ ಬಂದ ಸಮಯ ಎರಡಕ್ಕೂ ಏನು ಮಾಡಬೇಕೆಂದು ಅದು ನಿಮ್ಮ ಬಾಯಿಂದಲೇ ಹೇಳಿಸುತ್ತದೆ, ಹೇಳದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಇಂಥ ಹಠಮಾರಿ ಪ್ಯಾಕೇಜ್‌ಗಳು ನನಗೆ ಇಷ್ಟ.

ಒಂದೊಂದು ಸಾಲಿಗೂ ಒಂದೊಂದು ವಲಯ ಇದೆ. ಒಂದೇ ಕಾಲಮ್‌ನಲ್ಲಿ ಇಡಬಹುದೇ?

ಪೋಸಿಕ್ಸ್‌ಸಿಟಿ ವೆಕ್ಟರ್‌ಗೆ ಚೀಟಿ ಒಂದೇ. ಸಾಲಿಗೊಂದು ಚೀಟಿ ಅಂಟಿಸಲಾಗದು. ಮಾಡಬೇಕಾದದ್ದು: ಅಕ್ಷರ ರೂಪದ ಸಮಯವನ್ನು ಒಂದು ಕಾಲಮ್‌ನಲ್ಲಿ, ವಲಯದ ಹೆಸರನ್ನು ಇನ್ನೊಂದರಲ್ಲಿ ಇಟ್ಟುಕೊಂಡು, ಎಲ್ಲವನ್ನೂ ಮೊದಲು ಯುಟಿಸಿ ಎಂದು ಓದಿ, ಆಮೇಲೆ ಲುಬ್ರಿಡೇಟ್‌ನ ‘ಫೋರ್ಸ್_ಟಿಜೆಡ್‌ಎಸ್’ಗೆ ಎರಡೂ ಕಾಲಮ್ ಕೊಡುವುದು. ಕೊನೆಯ ‘ಎಸ್’ ಮರೆಯಬೇಡಿ. ಅದು ಸಾಲು ಸಾಲಾಗಿ ತಿದ್ದಿ, ಎಲ್ಲವನ್ನೂ ಯುಟಿಸಿಯಲ್ಲಿ ಮರಳಿಸುತ್ತದೆ. ಇಲ್ಲಿಂದ ಮುಂದೆ ಕಳೆಯುವುದು, ವಿಂಗಡಿಸುವುದು ಎಲ್ಲ ನಿರಾತಂಕ. ಸ್ಥಳೀಯ ಸಮಯ ತೋರಿಸಬೇಕಾದರೆ ವಲಯವಾರು ಗುಂಪು ಮಾಡಿ, ಫಾರ್ಮ್ಯಾಟ್ ಹಾಕಿ ಅಕ್ಷರಕ್ಕೆ ಇಳಿಸಿ. ಅದು ತೋರಿಕೆಗೆ ಮಾತ್ರ.

ಸಂಬಂಧಪಟ್ಟ ಎರಡು ಸಣ್ಣ ಕಿರಿಕಿರಿ. ಬೇರೆ ಬೇರೆ ಚೀಟಿಯ ಎರಡು ಸಮಯಗಳನ್ನು ‘ಸಿ’ ಫಂಕ್ಷನ್ನಿನಿಂದ ಜೋಡಿಸಿದರೆ ಚೀಟಿ ಬಿದ್ದುಹೋಗಿ ಎಲ್ಲವೂ ನಿಮ್ಮ ಕಂಪ್ಯೂಟರಿನ ವಲಯದಲ್ಲಿ ಕಾಣುತ್ತವೆ. ಆರ್ 4.1.0ಗಿಂತ ಹಿಂದೆ ಒಂದೇ ಚೀಟಿ ಇದ್ದರೂ ಬೀಳುತ್ತಿತ್ತು. ಸಂಖ್ಯೆಗೆ ಏನೂ ಆಗಿರುವುದಿಲ್ಲ, ಗಾಬರಿ ಬೇಡ. ಮೂಲ ‘ಇಫೆಲ್ಸ್’ ಮಾತ್ರ ಸಮಯವನ್ನು ಬರೀ ಸಂಖ್ಯೆ ಮಾಡಿಬಿಡುತ್ತದೆ. ಡಿಪ್ಲೈಆರ್‌ನ ‘ಇಫ್_ಎಲ್ಸ್’ ಬಳಸಿ.

ಸಮಯದ ಕೊನೆಯಲ್ಲಿ ‘ಝಡ್’ ಅಥವಾ ‘+05:30’ ಇದೆ. ಆರ್ ಅದನ್ನು ಅರ್ಥಮಾಡಿಕೊಳ್ಳುತ್ತದೆಯೇ?

ವೈಎಂಡಿ_ಎಚ್‌ಎಂಎಸ್ ಅರ್ಥಮಾಡಿಕೊಳ್ಳುತ್ತದೆ (ಝಡ್ ಎಂದರೆ ಯುಟಿಸಿ), ಯುಟಿಸಿಗೆ ತಿರುಗಿಸಿ ಕೊಡುತ್ತದೆ. ರೀಡ್‌ಆರ್ ಕೂಡ. ಆಸ್.ಪೋಸಿಕ್ಸ್‌ಸಿಟಿ ಮಾತ್ರ ಫಾರ್ಮ್ಯಾಟ್ ಹೇಳದಿದ್ದರೆ ತನಗೆ ಬೇಕಾದಷ್ಟು ಓದಿಕೊಂಡು ಬಾಲವನ್ನು ಕಡೆಗಣಿಸುತ್ತದೆ. ‘2024-07-01 12:00 ಇಎಸ್‌ಟಿ’ ಎಂದು ಕೊಟ್ಟರೆ ಆ ಇಎಸ್‌ಟಿ ಗಾಳಿಗೆ ಹೋಯಿತು, ಎರರ್ ಇಲ್ಲ, ವಾರ್ನಿಂಗ್ ಇಲ್ಲ. ದೊಡ್ಡಕ್ಷರದ ‘%ಝಡ್’ ಸಂಕೇತ ಬರೆಯುವುದಕ್ಕೆ ಮಾತ್ರ, ಓದುವುದಕ್ಕಲ್ಲ. ಓದಲು ಚಿಕ್ಕಕ್ಷರದ್ದು ಬೇಕು, ಆಫ್‌ಸೆಟ್ ನಡುವಿನ ಕೋಲನ್ ತೆಗೆದು +0530 ಎಂದು ಕೊಟ್ಟರೆ ಎಲ್ಲ ಆವೃತ್ತಿಗಳಲ್ಲೂ ನಡೆಯುತ್ತದೆ.

ಇನ್ನು, ಆಫ್‌ಸೆಟ್ ಎಂದರೆ ವಲಯವಲ್ಲ. ‘-04:00’ ನೋಡಿ ಅದು ಬೇಸಿಗೆಯ ನ್ಯೂಯಾರ್ಕೋ, ವರ್ಷವಿಡೀ ಹಾಗೇ ಇರುವ ಇನ್ನೊಂದು ಜಾಗವೋ ಹೇಳಲಾಗದು. ಆ ಕ್ಷಣ ಗೊತ್ತಾಯಿತು, ಮುಂದಿನ ತಿಂಗಳ ಗಡಿಯಾರ ಗೊತ್ತಾಗಲಿಲ್ಲ.

ದಿನಾಂಕಕ್ಕೆ ಇಳಿಸಿದಾಗ ಹಿಂದಿನ ದಿನ ಬಂತು.

ಟೋಕಿಯೋದಲ್ಲಿ ಜುಲೈ 1ರ ಬೆಳಗಿನ ಜಾವ 3 ಗಂಟೆ, ಯುಟಿಸಿಯಲ್ಲಿ ಇನ್ನೂ ಜೂನ್ 30. ಆಸ್.ಡೇಟ್ ಯುಟಿಸಿ ಹಿಡಿದರೆ ಜೂನ್ 30 ಎನ್ನುತ್ತದೆ. ಟಿಜೆಡ್ ಕೊಟ್ಟೇ ಕರೆಯಿರಿ. ಲುಬ್ರಿಡೇಟ್‌ನ ‘ಆಸ್_ಡೇಟ್’ ಚೀಟಿ ನೋಡಿ ಕತ್ತರಿಸುತ್ತದೆ. ದಿನವಾರು ಎಣಿಕೆ ಮಾಡುವವರಿಗೆ ಇದು ದೊಡ್ಡ ವಿಷಯ, ಮಧ್ಯರಾತ್ರಿಯ ಸಾಲುಗಳೆಲ್ಲ ಪಕ್ಕದ ದಿನಕ್ಕೆ ಸೇರಿಹೋಗುತ್ತವೆ.

ಸಿಎಸ್‌ವಿಗೆ ಬರೆದು ಮತ್ತೆ ಓದಿದರೆ ಸಮಯ ಬದಲಾಗಿದೆ.

ಮೂಲ ‘ರೈಟ್.ಸಿಎಸ್‌ವಿ’ ಚೀಟಿಯ ಪ್ರಕಾರದ ಗಡಿಯಾರವನ್ನು ಬರೆಯುತ್ತದೆ, ಚೀಟಿಯನ್ನು ಬರೆಯುವುದಿಲ್ಲ. ರೀಡ್‌ಆರ್‌ನ ‘ರೈಟ್_ಸಿಎಸ್‌ವಿ’ ಯುಟಿಸಿಗೆ ತಿರುಗಿಸಿ ಕೊನೆಗೆ ಝಡ್ ಹಾಕುತ್ತದೆ. ಒಂದರಿಂದ ಬರೆದು ಇನ್ನೊಂದರಿಂದ ಓದಿದರೆ ಹೀಗೇ ಆಗುವುದು. ಆರ್‌ನಲ್ಲೇ ಉಳಿಯುವ ಡೇಟಾ ಆದರೆ ‘ಆರ್‌ಡಿಎಸ್’ (ಆರ್‌ನದೇ ಫೈಲ್ ರೂಪ) ಆಗಿ ಉಳಿಸಿ, ಈ ತಲೆನೋವೇ ಇಲ್ಲ.

ಹಳೆಯ ದಿನಾಂಕಗಳಲ್ಲಿ ವಿಚಿತ್ರ ಆಫ್‌ಸೆಟ್ ಬರುತ್ತಿದೆ.

ಬಹುಶಃ ಸರಿಯಾಗೇ ಬರುತ್ತಿದೆ. ‘ಏಷ್ಯಾ/ಕೋಲ್ಕತಾ’ಗೆ 1943ರ ಒಂದು ದಿನ ಕೊಟ್ಟು ನೋಡಿ, +0630 ಎಂದು ಬರುತ್ತದೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಸಿಂಗಪುರ 1981ರ ಕೊನೆಯವರೆಗೆ ಏಳೂವರೆ ಗಂಟೆ ಮುಂದಿತ್ತು, ಈಗ ಎಂಟು. ನೇಪಾಳ ಐದೂಮುಕ್ಕಾಲಕ್ಕೆ ಬಂದದ್ದು 1986ರಲ್ಲಿ. ಅದಕ್ಕೂ ಹಿಂದೆ, ಪ್ರತಿ ಊರೂ ತನ್ನ ಸೂರ್ಯನನ್ನೇ ನೋಡಿ ಗಂಟೆ ಹೊಡೆಯುತ್ತಿದ್ದ ಕಾಲದ ದಿನಾಂಕ ಕೊಟ್ಟರೆ ಸೆಕೆಂಡುಗಳೂ ಇಣುಕುತ್ತವೆ; ಕೋಲ್ಕತಾಗೆ 5 ಗಂಟೆ 53 ನಿಮಿಷ 28 ಸೆಕೆಂಡ್.

ನನಗೆ ಇಷ್ಟವಾದದ್ದು ಸಮೋವಾ. ಅಂತರರಾಷ್ಟ್ರೀಯ ದಿನರೇಖೆಯ ಆಚೆ ಬದಿಗೆ ಹಾರಲು ಆ ದೇಶ 2011ರ ಡಿಸೆಂಬರ್ 30ನ್ನು ಪೂರ್ತಿ ಕೈಬಿಟ್ಟಿತು. ‘ಪೆಸಿಫಿಕ್/ಆಪಿಯಾ’ದಲ್ಲಿ ಡಿಸೆಂಬರ್ 29ರ ರಾತ್ರಿ 11ರಿಂದ 31ರ ಬೆಳಗಿನ 1ರವರೆಗೆ ಡಿಫ್‌ಟೈಮ್ ಕೇಳಿದರೆ 2 ಗಂಟೆ ಬರುತ್ತದೆ. ನಿಮ್ಮ ಆರ್‌ನಲ್ಲಿ ಟಿಜೆಡ್ ಡೇಟಾ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಇದೊಂದು ಒಳ್ಳೆಯ ಸಾಲು.

1970ಕ್ಕಿಂತ ಹಿಂದಿನದನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಆ ಡೇಟಾಬೇಸ್ ವಲಯಗಳನ್ನು ಬೇರ್ಪಡಿಸುವುದೇ 1970ರ ನಂತರದ ಗಡಿಯಾರಗಳ ಆಧಾರದ ಮೇಲೆ.

ಮುಂದಿನ ವರ್ಷದ ಸಮಯಗಳನ್ನೂ ಯುಟಿಸಿಯಲ್ಲೇ ಉಳಿಸಿಡಬೇಕೇ?

ಆಗಿಹೋದದ್ದಕ್ಕೆ ಯುಟಿಸಿ. ಆಗಬೇಕಾದದ್ದಕ್ಕೆ ಬೇಡ. ಲಂಡನ್ನಿನಲ್ಲಿ ಬೆಳಗ್ಗೆ ಹತ್ತಕ್ಕೆ ಸಭೆ ಎಂದು ಜನ ಒಪ್ಪಿಕೊಂಡಿರುವುದು ಲಂಡನ್ನಿನ ಗೋಡೆ ಗಡಿಯಾರವನ್ನು. ಅಷ್ಟರಲ್ಲಿ ಸರ್ಕಾರ ನಿಯಮ ಬದಲಿಸಿದರೆ ನೀವು ಉಳಿಸಿಟ್ಟ ಯುಟಿಸಿ ಸಂಖ್ಯೆ ಸುಳ್ಳಾಗುತ್ತದೆ. ಇದು ಬರೀ ಊಹೆಯಲ್ಲ. ಮೆಕ್ಸಿಕೋ 2022ರಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ಸಮಯ ಕೈಬಿಟ್ಟಿತು. ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಅದೇ ವರ್ಷದ ಮಾರ್ಚ್‌ನಲ್ಲಿ ಲೆಬನಾನ್ ಗಡಿಯಾರ ಬದಲಿಸುವುದನ್ನು ಕೆಲವೇ ದಿನ ಮೊದಲು ಮುಂದೂಡಿ, ಆಮೇಲೆ ಆ ತೀರ್ಮಾನವನ್ನೂ ಹಿಂತೆಗೆದುಕೊಂಡಿತು. ಟಿಜೆಡ್ ಡೇಟಾಬೇಸ್ ಒಂದರ ಹಿಂದೆ ಒಂದು ಆವೃತ್ತಿ ಹೊರಡಿಸಬೇಕಾಯಿತು.

ಸ್ಥಳೀಯ ಸಮಯದ ಅಕ್ಷರಗಳು ಒಂದು ಕಾಲಮ್, ವಲಯದ ಹೆಸರು ಒಂದು ಕಾಲಮ್. ಯುಟಿಸಿ ಬೇಕಾದಾಗ ಆಗಿಂದಾಗ ಲೆಕ್ಕ ಹಾಕಿ. ನಿಮ್ಮ ಆರ್ ಬಳಸುತ್ತಿರುವ ಟಿಜೆಡ್ ಡೇಟಾ ಯಾವ ಆವೃತ್ತಿಯದು ಎನ್ನುವುದು ಓಲ್ಸನ್‌ನೇಮ್ಸ್‌ನ ‘ವರ್ಶನ್’ ಆಟ್ರಿಬ್ಯೂಟ್‌ನಲ್ಲಿ ಸಿಗುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಸರ್ವರ್‌ನಲ್ಲಿ ಒಮ್ಮೆ ಇದನ್ನು ಕರೆದು ನೋಡಿ.

ಲುಬ್ರಿಡೇಟ್ ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ. ವಲಯದ ಎಲ್ಲ ಕೆಲಸ ಮೂಲ ಆರ್‌ನಲ್ಲೇ ಇದೆ. ಲುಬ್ರಿಡೇಟ್ ಕೊಡುವುದು ಒಳ್ಳೆಯ ಹೆಸರುಗಳನ್ನು. ಆರು ತಿಂಗಳಾದ ಮೇಲೆ ನಿಮ್ಮದೇ ಕೋಡ್ ಓದುವಾಗ ಆ ಹೆಸರುಗಳ ಬೆಲೆ ಗೊತ್ತಾಗುತ್ತದೆ.

ಲೀಪ್ ಸೆಕೆಂಡ್?

ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಸೇರಿಸುವ ಹೆಚ್ಚಿನ ಸೆಕೆಂಡ್ ಅದು. ಆರ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಪೋಸಿಕ್ಸ್ ನಿಯಮದಂತೆ ಪ್ರತಿ ದಿನಕ್ಕೂ 86400 ಸೆಕೆಂಡ್. 1972ರಿಂದ 2016ರವರೆಗೆ ಸೇರಿಸಿದ 27 ಲೀಪ್ ಸೆಕೆಂಡುಗಳ ಪಟ್ಟಿ ‘.ಲೀಪ್.ಸೆಕೆಂಡ್ಸ್’ ಎಂಬ ಹೆಸರಿನಲ್ಲಿ ಆರ್ ಒಳಗೇ ಇದೆ. ಬೇಕಾದವರು ಎರಡು ದಿನಾಂಕಗಳ ನಡುವೆ ಅವು ಎಷ್ಟಿವೆ ಎಂದು ಎಣಿಸಿ ಕೂಡಿಸಿಕೊಳ್ಳಬಹುದು. ನನಗೆ ಇದುವರೆಗೆ ಬೇಕಾಗಿಲ್ಲ.